ಬೆನ್ನುಮೂಳೆಯಿಲ್ಲದ ನೆಲಜೀವಿಗಳು ಮತ್ತು ಸಾರ್ವಜನಿಕ ಹಣದ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಲಿ, ಆನೆಗಳ ಅಧ್ಯಯನಕ್ಕೆ ಸರ್ಕಾರ ಹಣ ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ನುಸಿ, ಕಣಜ, ಎರೆಹುಳುಗಳ ಅಧ್ಯಯನಕ್ಕೆ ಕೊಟ್ಟರೆ ಮಾತ್ರ 'ಇದಕ್ಕೂ ತೆರಿಗೆ ಹಣವೇ?' ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ. ಅದಕ್ಕೂ ಅದರ ಜೊತೆಗೆ ಬರುವ ಇತರ ಪ್ರಶ್ನೆಗಳಿಗೂ ಇಲ್ಲಿ ಉತ್ತರಗಳಿವೆ.

ನೆಲವಾಸಿ ಅಕಶೇರುಕಗಳು ಎಂದರೆ ಯಾವ ಪ್ರಾಣಿಗಳು?

ಬೆನ್ನುಮೂಳೆ ಇಲ್ಲದೆ ನೆಲದ ಮೇಲೆ, ಗಿಡಮರಗಳಲ್ಲಿ ಅಥವಾ ಮಣ್ಣಿನೊಳಗೆ ಬದುಕುವ ಪ್ರಾಣಿಗಳೆಲ್ಲವೂ. ಇರುವೆ, ಗೆದ್ದಲು, ಜೀರುಂಡೆ, ನೊಣ, ಚಿಟ್ಟೆ, ಕಣಜಗಳಂಥ ಕೀಟಗಳು ಎಲ್ಲರಿಗೂ ಗೊತ್ತು. ಜೇಡ, ಚೇಳು, ನುಸಿ, ಉಣ್ಣಿಗಳು ಕೀಟಗಳಲ್ಲದಿದ್ದರೂ ಇದೇ ಗುಂಪಿನವು. ಶತಪದಿ, ಸಹಸ್ರಪದಿ, ಎರೆಹುಳು, ನೆಲದ ಬಸವನಹುಳುಗಳೂ ಇಲ್ಲಿಗೇ ಸೇರುತ್ತವೆ. ಬರಿಗಣ್ಣಿಗೆ ಕಾಣದ ನೆಮಟೋಡ್ ಎಂಬ ದುಂಡುಹುಳುಗಳನ್ನು ಮರೆಯುವಂತಿಲ್ಲ, ಏಕೆಂದರೆ ಸಂಖ್ಯೆಯಲ್ಲಿ ಮಣ್ಣಿನ ಬೇರೆ ಎಲ್ಲ ಪ್ರಾಣಿಗಳನ್ನೂ ಅವು ಮೀರಿಸುತ್ತವೆ.

ಇಷ್ಟು ವರ್ಷಗಳ ವಿಜ್ಞಾನದ ನಂತರವೂ ಇವುಗಳಲ್ಲಿ ತಿಳಿಯದಿರುವುದು ಏನಿದೆ?

ತಿಳಿಯದಿರುವುದೇ ಹೆಚ್ಚು. ಈವರೆಗೆ ಹೆಸರು ಪಡೆದ ಕೀಟ ಪ್ರಭೇದಗಳು ಸುಮಾರು 10 ಲಕ್ಷ. ಇರಬಹುದಾದ ಒಟ್ಟು ಕೀಟ ಪ್ರಭೇದಗಳು 55 ಲಕ್ಷದ ಆಸುಪಾಸು ಎಂಬುದು ಇಂದು ಹೆಚ್ಚಿನವರು ಒಪ್ಪುವ ಅಂದಾಜು. ಅಂದರೆ ಐದರಲ್ಲಿ ನಾಲ್ಕಕ್ಕೆ ಇನ್ನೂ ಹೆಸರೇ ಇಲ್ಲ.

ಈ ಅಂದಾಜಿನ ಹಿಂದೆಯೂ ಸಾರ್ವಜನಿಕ ಹಣದ ಕಥೆಯಿದೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಟೆರ್ರಿ ಎರ್ವಿನ್ ಪನಾಮಾದ ಕಾಡಿನಲ್ಲಿ ಒಂದೇ ಜಾತಿಯ 19 ಮರಗಳ ಮೇಲಾವರಣಕ್ಕೆ ಕೀಟನಾಶಕದ ಮಂಜು ಹಾಯಿಸಿ, ಕೆಳಗೆ ಬಿದ್ದುದನ್ನೆಲ್ಲ ಎಣಿಸಿದರು. ಜೀರುಂಡೆಗಳೇ ಸುಮಾರು 1,200 ಪ್ರಭೇದಗಳು ಸಿಕ್ಕವು. ಅದರ ಆಧಾರದ ಮೇಲೆ 1982ರಲ್ಲಿ ಅವರು, ಉಷ್ಣವಲಯದಲ್ಲಿ 3 ಕೋಟಿ ಸಂಧಿಪದಿ (ಕೀಟ, ಜೇಡ, ಶತಪದಿಗಳಂಥ ಕೀಲುಕಾಲಿನ ಪ್ರಾಣಿ) ಪ್ರಭೇದಗಳು ಇರಬಹುದು ಎಂದರು. ಆ ಸಂಖ್ಯೆ ಈಗ ಬಹಳ ಇಳಿದಿದೆ. ಆದರೆ ಅದನ್ನು ಇಳಿಸಿದ್ದೂ ಮುಂದಿನ ದಶಕಗಳ ಕ್ಷೇತ್ರಕಾರ್ಯವೇ. ಪ್ರಶ್ನೆ ಎತ್ತಿದ್ದೂ ತಿದ್ದಿದ್ದೂ ಒಂದೇ ಬಗೆಯ ತಾಳ್ಮೆಯ ಕೆಲಸ.

ಮಣ್ಣಿನ ವಿಷಯದಲ್ಲಿ ನಮ್ಮ ಅರಿವು ಇನ್ನೂ ತೆಳು. ಸ್ವಿಟ್ಜರ್ಲೆಂಡಿನ ಸರ್ಕಾರಿ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ ಭೂಮಿಯ ಜೀವಪ್ರಭೇದಗಳಲ್ಲಿ ಶೇ 59ರಷ್ಟು ಮಣ್ಣಿನಲ್ಲಿ ಬದುಕುತ್ತವೆ. ಸೂಕ್ಷ್ಮಜೀವಿಗಳನ್ನೂ ಸೇರಿಸಿದ ಲೆಕ್ಕ ಅದು. ಹಾಗಿದ್ದರೂ ಅರ್ಧಕ್ಕಿಂತ ಹೆಚ್ಚು ಜೀವಲೋಕ ನಮ್ಮ ಪಾದದ ಅಡಿಯಲ್ಲೇ ಇದೆ ಎಂಬುದು ಸಣ್ಣ ಮಾತಲ್ಲ.

ಈ ಕೆಲಸಕ್ಕೆ ಸಾರ್ವಜನಿಕ ಹಣವೇ ಏಕೆ ಬೇಕು? ಖಾಸಗಿಯವರು ಮಾಡಬಾರದೆ?

ಮಾಡಬಾರದೆಂದೇನೂ ಇಲ್ಲ, ಮಾಡುವವರೂ ಇದ್ದಾರೆ. ಕೀಟನಾಶಕ ಕಂಪನಿಗಳು ಬೆಳೆ ತಿನ್ನುವ ಕೀಟಗಳನ್ನು ಅಧ್ಯಯನ ಮಾಡುತ್ತವೆ, ಪ್ರತಿಷ್ಠಾನಗಳು ಚಿಟ್ಟೆಗಳಿಗೆ ಹಣ ಕೊಡುತ್ತವೆ. ಆದರೆ ಯಾರಿಗೂ ತಕ್ಷಣದ ಲಾಭ ತರದ, ನೋಡಲು ಚೆಂದವೂ ಇಲ್ಲದ ಲಕ್ಷಾಂತರ ಪ್ರಭೇದಗಳು ಹೊರಗೇ ಉಳಿಯುತ್ತವೆ. ಅವುಗಳಲ್ಲಿ ಯಾವುದು ನಾಳೆ ಬೇಕಾಗುತ್ತದೆ ಎಂದು ಇಂದೇ ಹೇಳುವವರಿಲ್ಲ.

ಇನ್ನೊಂದು ಕಾರಣ ಕಾಲ, ನನ್ನ ಪ್ರಕಾರ ಇದೇ ದೊಡ್ಡದು. ಒಂದು ಕೀಟಸಂಕುಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯಲು ಹತ್ತು, ಇಪ್ಪತ್ತು, ಕೆಲವೊಮ್ಮೆ ಐವತ್ತು ವರ್ಷಗಳ ದಾಖಲೆ ಬೇಕು. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರ 1964ರಿಂದ ಗಾಳಿಯಲ್ಲಿ ಹಾರುವ ಕೀಟಗಳನ್ನು ಹೀರಿಕೊಳ್ಳುವ 12.2 ಮೀಟರ್ ಎತ್ತರದ ಗೋಪುರಬೋನುಗಳನ್ನು ನಡೆಸುತ್ತಿದೆ. ಅಲ್ಲಿಂದ ಬರುವ ಗಿಡಹೇನುಗಳ ಲೆಕ್ಕ ರೈತರಿಗೆ ಮುನ್ಸೂಚನೆಯಾಗುತ್ತದೆ. ಅದೇ ಲೆಕ್ಕ ವರ್ಷದಿಂದ ವರ್ಷಕ್ಕೆ ಸೇರಿ ಹವಾಮಾನ ಬದಲಾವಣೆಯ ಸಾಕ್ಷ್ಯವೂ ಆಗಿದೆ. ಆ ಬೋನುಗಳನ್ನು ಸ್ಥಾಪಿಸಿದವರಿಗೆ ಇಂಥದ್ದೊಂದು ಉಪಯೋಗವೂ ಒದಗೀತೆಂದು ಊಹಿಸಲು ಸಾಧ್ಯವಿರಲಿಲ್ಲ. ಇಷ್ಟು ದೀರ್ಘ ಕಾಲ ಕೈಬಿಡದೆ ಒಂದು ಕೆಲಸಕ್ಕೆ ಹಣ ಕೊಡುತ್ತಾ ಹೋಗುವುದು ಮುಖ್ಯವಾಗಿ ಸಾರ್ವಜನಿಕ ವ್ಯವಸ್ಥೆಗೆ ಮಾತ್ರ ಸಾಧ್ಯ.

ಒಂದು ಹುಳಕ್ಕೆ ಹೆಸರಿಡುವುದರಿಂದ ಯಾರಿಗೆ ಏನು ಪ್ರಯೋಜನ?

ಮರಗೆಣಸಿನ ಹಿಟ್ಟುತಿಗಣೆಯ ಇತಿಹಾಸ ಇದಕ್ಕೆ ಉತ್ತರ ಹೇಳುತ್ತದೆ.

1970ರ ದಶಕದ ಆರಂಭದಲ್ಲಿ ಮಧ್ಯ ಆಫ್ರಿಕಾದ ಮರಗೆಣಸಿನ ಹೊಲಗಳಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡಂಥ ಒಂದು ಸಣ್ಣ ಕೀಟ ಕಾಣಿಸಿಕೊಂಡಿತು. ಚಿಗುರು ಮುರುಟಿ, ಕಾಂಡ ಕುಗ್ಗಿ, ಬೆಳೆ ಕೈಬಿಟ್ಟು ಹೋಗತೊಡಗಿತು. ಕೋಟ್ಯಂತರ ಜನರ ದಿನನಿತ್ಯದ ಆಹಾರ ಅದು. ಕೀಟ ಆಫ್ರಿಕಾದ್ದಲ್ಲ, ಮರಗೆಣಸಿನ ತವರಾದ ಅಮೆರಿಕ ಖಂಡಗಳಿಂದ ಬಂದದ್ದು ಎಂಬ ಊಹೆಯಿತ್ತು. 1977ರಲ್ಲಿ ಫ್ರೆಂಚ್ ತಜ್ಞೆ ದಾನಿಯೆಲ್ ಮಾತಿಲ್-ಫೆರೆರೊ ಅದನ್ನು ಹೊಸ ಪ್ರಭೇದವೆಂದು ಗುರುತಿಸಿ ಫೆನಾಕಾಕಸ್ ಮನಿಹೋಟಿ ಎಂದು ಹೆಸರಿಟ್ಟರು.

ಅದರ ಸಹಜ ಶತ್ರುವನ್ನು ಹುಡುಕುತ್ತಾ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಉತ್ತರ ಭಾಗಕ್ಕೆ ಹೋದರು. ಅಲ್ಲಿ ಮರಗೆಣಸಿನ ಮೇಲೆ ಅದರಂತೆಯೇ ಕಾಣುವ ಹಿಟ್ಟುತಿಗಣೆ ಸಿಕ್ಕಿತು, ಅದರೊಳಗೆ ಮೊಟ್ಟೆಯಿಡುವ ಪರೋಪಜೀವಿ ಕಣಜಗಳೂ ಸಿಕ್ಕವು. ಆದರೆ ಆ ಕಣಜಗಳು ಆಫ್ರಿಕಾದ ಕೀಟವನ್ನು ಒಪ್ಪಲಿಲ್ಲ. ವರ್ಗೀಕರಣ ತಜ್ಞರು ಮಾದರಿಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಅಕ್ಕಪಕ್ಕ ಇಟ್ಟು ನೋಡಿದಾಗ ಕಾರಣ ತಿಳಿಯಿತು: ಅದು ಬೇರೆಯದೇ ಪ್ರಭೇದ. ಒಂದರಲ್ಲಿ ಗಂಡು ಹೆಣ್ಣು ಎರಡೂ ಇವೆ, ಆಫ್ರಿಕಾದ್ದರಲ್ಲಿ ಹೆಣ್ಣುಗಳು ಗಂಡಿನ ನೆರವಿಲ್ಲದೆ ಮರಿ ಮಾಡುತ್ತವೆ. ಹುಡುಕಾಟ ದಕ್ಷಿಣಕ್ಕೆ ತಿರುಗಿತು. 1981ರಲ್ಲಿ ಪರಾಗ್ವೆಯಲ್ಲಿ ನಿಜವಾದ ಕೀಟ ಸಿಕ್ಕಿತು, ಅದರ ಜೊತೆಗೆ ಅನಾಗೈರಸ್ ಲೊಪೇಜಿ ಎಂಬ ಪುಟ್ಟ ಕಣಜವೂ ಸಿಕ್ಕಿತು. ಅದೇ ವರ್ಷ ನೈಜೀರಿಯಾದಲ್ಲಿ ಕಣಜವನ್ನು ಬಿಡಲಾಯಿತು. ಮುಂದೆ ಅದು ಆಫ್ರಿಕಾದ 20ಕ್ಕೂ ಹೆಚ್ಚು ದೇಶಗಳಲ್ಲಿ ನೆಲೆಯೂರಿ ಪಿಡುಗನ್ನು ಹತೋಟಿಗೆ ತಂದಿತು. ಹಲವು ಸರ್ಕಾರಗಳ ನೆರವಿನಿಂದ ನಡೆಯುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಈ ಕೆಲಸ ಮುನ್ನಡೆಸಿದ ಹಾನ್ಸ್ ಹೆರ್ರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ಬಂತು. ಎರಡು ಹಿಟ್ಟುತಿಗಣೆಗಳ ನಡುವಿನ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸಬಲ್ಲವರು ಇಲ್ಲದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಜೇನು ಸಾಕುವವರಿಗೂ ಇಂಥದ್ದೇ ಅನುಭವ ಆಗಿದೆ. ಜೇನುಗೂಡುಗಳನ್ನು ನಾಶ ಮಾಡುವ ವರ್ರೋವಾ ನುಸಿಯನ್ನು ಜಗತ್ತೆಲ್ಲ ದಶಕಗಳ ಕಾಲ ತಪ್ಪು ಹೆಸರಿನಿಂದ ಕರೆಯುತ್ತಿತ್ತು. ಆಸ್ಟ್ರೇಲಿಯಾದ ಸರ್ಕಾರಿ ಸಂಸ್ಥೆ ಸಿಎಸ್‌ಐಆರ್‌ಒದ ಡೆನಿಸ್ ಆಂಡರ್ಸನ್ ಮತ್ತು ಸಹೋದ್ಯೋಗಿ 2000ದಲ್ಲಿ, ಪಿಡುಗಾಗಿರುವುದು ಬೇರೆಯೇ ಪ್ರಭೇದ ಎಂದು ತೋರಿಸಿ ವರ್ರೋವಾ ಡಿಸ್ಟ್ರಕ್ಟರ್ ಎಂಬ ಹೆಸರು ಕೊಟ್ಟರು. ಅದಕ್ಕೂ ಹಿಂದಿನ ಬಹಳಷ್ಟು ಪ್ರಬಂಧಗಳನ್ನು ಈಗ ಹೆಸರು ತಿದ್ದಿಕೊಂಡೇ ಓದಬೇಕು.

ಇಷ್ಟು ಸಣ್ಣ ಪ್ರಾಣಿಗಳನ್ನು ಹಿಡಿಯುವುದು ಹೇಗೆ?

ಹೆಚ್ಚಿನ ಸಾಧನಗಳು ಸರಳ. ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂತಿಟ್ಟ ಲೋಟವೊಂದು ಸಾಕು, ಓಡಾಡುವ ಜೀರುಂಡೆ, ಜೇಡಗಳು ಅದರಲ್ಲಿ ಬೀಳುತ್ತವೆ. ಸ್ವೀಡನ್ನಿನ ರೆನೆ ಮಲೇಸ್ 1930ರ ದಶಕದಲ್ಲಿ ರೂಪಿಸಿದ ಬೋನು ನೋಡಲು ಗುಡಾರದಂತಿದೆ. ಅಡ್ಡಕಟ್ಟಿದ ಬಲೆಗೆ ತಗುಲಿದ ಕೀಟ ಬೆಳಕಿನತ್ತ ಮೇಲೆ ಹತ್ತಿ, ತುದಿಯ ಸೀಸೆಯೊಳಗಿನ ಆಲ್ಕೋಹಾಲ್‌ಗೆ ಬೀಳುತ್ತದೆ.

ಮಣ್ಣಿನ ಪ್ರಾಣಿಗಳನ್ನು ಹೊರಗೆ ಬರಿಸುವ ವಿಧಾನ ನನಗೆ ಇವೆಲ್ಲಕ್ಕಿಂತ ಇಷ್ಟ. ಇಟಲಿಯ ಆಂಟೋನಿಯೊ ಬೆರ್ಲೀಸ್ 1905ರಲ್ಲಿ ಇದನ್ನು ಕಂಡುಹಿಡಿದರು, ನಂತರ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ವಿದ್ಯುತ್ ದೀಪ ಸೇರಿಸಿದರು. ಆಲಿಕೆಯ ಬಾಯಿಗೆ ಜರಡಿ ಇಟ್ಟು, ಅದರ ಮೇಲೆ ಮಣ್ಣು ಅಥವಾ ತರಗೆಲೆ ಹರಡಿ, ಮೇಲಿನಿಂದ ದೀಪ ಹಚ್ಚುತ್ತಾರೆ. ಮಣ್ಣು ಮೇಲಿನಿಂದ ನಿಧಾನವಾಗಿ ಒಣಗುತ್ತದೆ. ತೇವವನ್ನೂ ಕತ್ತಲನ್ನೂ ಅರಸುತ್ತಾ ಪ್ರಾಣಿಗಳು ಕೆಳಗೆ ಕೆಳಗೆ ಇಳಿದು, ಕೊನೆಗೆ ಜರಡಿಯ ಕಣ್ಣಿನಿಂದ ಜಾರಿ ಸೀಸೆಗೆ ಬೀಳುತ್ತವೆ. ಕೆಲವು ದಿನಗಳ ನಂತರ ಆ ಸೀಸೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ನಿರ್ಜೀವವೆಂದು ಕಂಡ ಒಂದು ಹಿಡಿ ತರಗೆಲೆಯಲ್ಲಿ ಹೊಳಪು ಕವಚದ ದುಂಡನೆಯ ನುಸಿಗಳು, ಹೊಟ್ಟೆಯಡಿ ಮಡಚಿದ ಚಿಮ್ಮುಕೋಲಿರುವ ಸ್ಪ್ರಿಂಗ್‌ಟೇಲ್‌ಗಳು, ಇಕ್ಕುಳ ಚಾಚಿದ ಹುಸಿಚೇಳುಗಳು ಕಾಣುತ್ತವೆ.

ಸೀಸೆಯೊಳಗೆ ಒಂದು ಲೇಬಲ್ ಇರಲೇಬೇಕು. ಎಲ್ಲಿ, ಯಾವಾಗ, ಯಾರು, ಯಾವ ವಿಧಾನದಿಂದ ಸಂಗ್ರಹಿಸಿದರು ಎಂಬುದನ್ನು ಆಲ್ಕೋಹಾಲ್‌ನಲ್ಲಿ ಕರಗದ ಶಾಯಿಯಿಂದಲೋ ಪೆನ್ಸಿಲ್‌ನಿಂದಲೋ ಬರೆದು ಒಳಗೇ ಹಾಕುತ್ತಾರೆ. ಲೇಬಲ್ ಇಲ್ಲದ ಮಾದರಿ ಎಷ್ಟೇ ಅಪರೂಪದ್ದಾಗಿದ್ದರೂ ವಿಜ್ಞಾನಕ್ಕೆ ಹೆಚ್ಚುಕಡಿಮೆ ನಿರುಪಯೋಗಿ.

ಹಿಡಿದ ಮೇಲೆ ಹೆಸರಿಡಲು ಎಷ್ಟು ಸಮಯ ಬೇಕು?

ಬಹಳ. ಒಂದು ಹೊಸ ಪ್ರಭೇದದ ಮಾದರಿ ಮೊದಲ ಬಾರಿ ಸಂಗ್ರಹವಾದ ದಿನದಿಂದ ಅದರ ಹೆಸರು ಪ್ರಕಟವಾಗುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರಲ್ಲಿ ಪ್ರಕಟವಾದ ಫ್ರೆಂಚ್ ವಿಜ್ಞಾನಿಗಳ ಅಧ್ಯಯನ ತೋರಿಸಿತು. ಮಾದರಿ ಕಪಾಟಿನಲ್ಲಿ ಇರುತ್ತದೆ, ಅದನ್ನು ನೋಡಬಲ್ಲವರು ಇರುವುದಿಲ್ಲ.

ನೋಡುವುದೆಂದರೆ ಏನು ಎಂಬುದನ್ನೂ ಹೇಳಬೇಕು. ಅನೇಕ ಜೀರುಂಡೆಗಳಲ್ಲಿ ಎರಡು ಪ್ರಭೇದಗಳು ಹೊರಗಿನಿಂದ ಒಂದೇ ರೀತಿ ಇರುತ್ತವೆ. ಗಂಡಿನ ಜನನಾಂಗವನ್ನು ಸೂಜಿಮೊನೆಯ ಇಕ್ಕುಳದಿಂದ ಬಿಡಿಸಿ, ಕ್ಷಾರದ ದ್ರಾವಣದಲ್ಲಿ ಮೃದುಗೊಳಿಸಿ, ಅದರ ಬಾಗುಗಳನ್ನು ಹೋಲಿಸಬೇಕು. ಜೇಡಗಳಲ್ಲಿ ಗಂಡಿನ ಬಾಯಿಯ ಬದಿಯ ಸ್ಪರ್ಶಾಂಗಗಳ ರಚನೆ ನೋಡಬೇಕು. ಆಮೇಲೆ ಆ ಕುಲದ ಈವರೆಗಿನ ಎಲ್ಲ ವಿವರಣೆಗಳನ್ನೂ ಓದಬೇಕು, ಅವು ಲ್ಯಾಟಿನ್, ಜರ್ಮನ್, ಫ್ರೆಂಚ್, ರಷ್ಯನ್ ಯಾವುದರಲ್ಲಾದರೂ ಇರಬಹುದು. ಮೂಲ ಮಾದರಿಗಳು ಹತ್ತಾರು ದೇಶಗಳ ಸಂಗ್ರಹಾಲಯಗಳಲ್ಲಿ ಚದುರಿರುತ್ತವೆ. ಒಂದು ಗುಂಪನ್ನು ಹೀಗೆ ಬಲ್ಲವರಾಗಲು ಹತ್ತು ವರ್ಷ ಸಾಲದು. ಇಂಥ ತಾಳ್ಮೆಗೆ ಸಂಬಳ ಕೊಡುವ ಉದ್ಯೋಗದಾತರು ಸಂಗ್ರಹಾಲಯಗಳು ಮತ್ತು ವಿಶ್ವವಿದ್ಯಾಲಯಗಳು, ಬೇರೆ ಹೆಚ್ಚಿನವರಿಲ್ಲ.

ಹಾಗೆಂದು ಎಲ್ಲವೂ ನಿಧಾನವಲ್ಲ. ಸ್ವೀಡನ್ನಿನ ಸಂಸತ್ತು 2002ರಲ್ಲಿ ದೇಶದ ಎಲ್ಲ ಬಹುಕೋಶ ಪ್ರಭೇದಗಳನ್ನೂ ಗುರುತಿಸುವ ಯೋಜನೆಗೆ ಹಣ ಮೀಸಲಿಟ್ಟಿತು. ಅದರಡಿ 2003ರಿಂದ 2006ರವರೆಗೆ ಮಲೇಸ್ ಬೋನುಗಳಲ್ಲಿ ಸುಮಾರು 2 ಕೋಟಿ ಕೀಟಗಳು ಸಂಗ್ರಹವಾದವು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ರೂಪಿಸಿದ ಲಿನೇಯಸ್‌ನ ನಾಡಿನಲ್ಲೂ ನೂರಾರು ಪ್ರಭೇದಗಳು ವಿಜ್ಞಾನಕ್ಕೆ ಹೊಸವಾಗಿದ್ದವು. ಜೇಡಗಳಲ್ಲಿ ಜಾಗತಿಕ ಪಟ್ಟಿ 2022ರಲ್ಲಿ 50,000 ಪ್ರಭೇದಗಳನ್ನು ದಾಟಿತು.

ಡಿಎನ್‌ಎ ಪರೀಕ್ಷೆ ಇರುವಾಗ ತಜ್ಞರು ಇನ್ನೂ ಬೇಕೆ?

ಹಿಂದಿಗಿಂತ ಹೆಚ್ಚು ಬೇಕು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ತಂಡ 2003ರಲ್ಲಿ, ಮೈಟೊಕಾಂಡ್ರಿಯದ ಒಂದು ಜೀನಿನ ಸುಮಾರು 650 ಅಕ್ಷರಗಳ ತುಣುಕಿನಿಂದಲೇ ಹೆಚ್ಚಿನ ಪ್ರಾಣಿ ಪ್ರಭೇದಗಳನ್ನು ಬೇರ್ಪಡಿಸಬಹುದು ಎಂದು ಪ್ರಸ್ತಾಪಿಸಿತು. ಇದೇ ಡಿಎನ್‌ಎ ಬಾರ್‌ಕೋಡ್. ಈಗ ಒಂದು ಬೋನಿನ ಸಾವಿರಾರು ಕೀಟಗಳನ್ನು ಒಟ್ಟಿಗೆ ಓದಬಹುದು. ಮರಿಹುಳುವಿಗೂ ಅದರ ಪತಂಗಕ್ಕೂ ಸಂಬಂಧ ಹಚ್ಚಬಹುದು.

ಆದರೆ ಬಾರ್‌ಕೋಡ್ ಹೇಳುವುದು 'ಇದು ಅದಕ್ಕಿಂತ ಬೇರೆ' ಎಂದಷ್ಟೇ. ಅದು ಯಾವುದು, ಏನು ತಿನ್ನುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂದು ತಿಳಿಯಲು ಸರಿಯಾಗಿ ಗುರುತಿಸಿದ ಮಾದರಿಯ ಬಾರ್‌ಕೋಡ್ ಜೊತೆ ಹೋಲಿಸಬೇಕು. ಆ ಗ್ರಂಥಾಲಯವನ್ನು ಕಟ್ಟುವವರು ಮನುಷ್ಯರೇ. ಜರ್ಮನಿಯ ಸಂಶೋಧನಾ ಸಚಿವಾಲಯ ತನ್ನ ದೇಶದ ಜೀವಿಗಳ ಬಾರ್‌ಕೋಡ್ ಯೋಜನೆಗೆ ಹಣ ಕೊಟ್ಟಿತು. ಅದರ ಮೂರನೆಯ ಹಂತ ಪುಟ್ಟ ನೊಣಗಳು, ಪರೋಪಜೀವಿ ಕಣಜಗಳಂಥ ಯಾರೂ ಮುಟ್ಟದ ಗುಂಪುಗಳಿಗೇ ಮೀಸಲಾಗಿತ್ತು. ಯಂತ್ರದ ಜೊತೆಗೆ ಯುವ ತಜ್ಞರ ತರಬೇತಿಯನ್ನೂ ಕಟ್ಟಿಕೊಟ್ಟದ್ದು ಆ ಯೋಜನೆಯ ಹೆಚ್ಚುಗಾರಿಕೆ.

ಹಳೆಯ ಸಂಗ್ರಹಾಲಯಗಳಲ್ಲಿ ಸೂಜಿ ಚುಚ್ಚಿಟ್ಟ ಕೀಟಗಳಿಂದ ಇಂದು ಏನು ಉಪಯೋಗ?

ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದಲ್ಲಿ ಅಂಗೈಯುದ್ದದ ಕಪ್ಪು ಕಡ್ಡಿಹುಳುಗಳಿದ್ದವು. 1918ರಲ್ಲಿ ಹಡಗೊಂದು ದಡಕ್ಕೆ ಬಡಿದಾಗ ಇಲಿಗಳು ದ್ವೀಪ ಸೇರಿದವು, ಕೆಲವೇ ವರ್ಷಗಳಲ್ಲಿ ಕಡ್ಡಿಹುಳುಗಳು ಮಾಯವಾದವು. 2001ರಲ್ಲಿ ಸಮೀಪದ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಬಂಡೆಯ ಮೇಲೆ ಒಂದೇ ಪೊದೆಯ ಸುತ್ತ ಕೆಲವು ಜೀವಂತವಾಗಿ ಸಿಕ್ಕವು. ಆದರೆ ಅವು ನೋಡಲು ಹಳೆಯ ಮಾದರಿಗಳಿಗಿಂತ ಸ್ವಲ್ಪ ಬೇರೆಯಾಗಿದ್ದವು. ಇದು ಅದೇ ಪ್ರಭೇದವೇ ಎಂಬ ಅನುಮಾನವನ್ನು 2017ರಲ್ಲಿ ಬಗೆಹರಿಸಿದ್ದು ಸಂಗ್ರಹಾಲಯದ ಒಣಗಿದ ಮಾದರಿಗಳ ಡಿಎನ್‌ಎ. ಅದೇ ಪ್ರಭೇದ ಎಂದು ಖಚಿತವಾಯಿತು. ಇಲ್ಲದಿದ್ದರೆ ಅವುಗಳನ್ನು ಮೂಲ ದ್ವೀಪಕ್ಕೆ ಮರಳಿಸುವ ಮಾತಿಗೇ ಆಧಾರ ಇರುತ್ತಿರಲಿಲ್ಲ.

ಸಂಗ್ರಹ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2018ರ ಸೆಪ್ಟೆಂಬರ್ 2ರ ರಾತ್ರಿ ಬ್ರೆಜಿಲ್‌ನ ರಾಷ್ಟ್ರೀಯ ಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಅಲ್ಲಿದ್ದ ಲಕ್ಷಾಂತರ ಕೀಟ ಮಾದರಿಗಳು ಸುಟ್ಟುಹೋದವು. ನಿರ್ವಹಣೆಗೆ ಹಣವಿಲ್ಲವೆಂಬ ದೂರು ಅದಕ್ಕೂ ಮುಂಚಿನಿಂದಲೇ ಇತ್ತು. ಕಡಿದುಹೋದ ಕಾಡುಗಳಿಂದ ಬಂದಿದ್ದ ಮಾದರಿಗಳನ್ನು ಎಷ್ಟು ಹಣ ಕೊಟ್ಟರೂ ಮತ್ತೆ ಸಂಗ್ರಹಿಸಲಾಗದು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೀಟಗಳು ನಿಜವಾಗಿಯೂ ಕಡಿಮೆಯಾಗುತ್ತಿವೆಯೆ?

ಅನೇಕ ಕಡೆ ಹೌದು, ಎಲ್ಲ ಕಡೆ ಒಂದೇ ರೀತಿ ಅಲ್ಲ. ಜರ್ಮನಿಯ 63 ಸಂರಕ್ಷಿತ ಪ್ರದೇಶಗಳಲ್ಲಿ ಹಾರುವ ಕೀಟಗಳ ಒಟ್ಟು ತೂಕ 27 ವರ್ಷಗಳಲ್ಲಿ ಶೇ 75ಕ್ಕಿಂತ ಹೆಚ್ಚು ಕುಸಿದಿದೆ ಎಂಬ 2017ರ ವರದಿ ಜಗತ್ತಿನ ಗಮನ ಸೆಳೆಯಿತು. ಆ ಮಾದರಿಗಳನ್ನು ಕೂಡಿಟ್ಟವರು ಬಹುತೇಕ ಹವ್ಯಾಸಿ ಕೀಟಾಸಕ್ತರು, ಅವರ ಶಿಸ್ತಿಗೆ ತಲೆಬಾಗಬೇಕು. ಅದರ ನಂತರ ಬಂದ ಪ್ರಶ್ನೆಗಳಿಗೆ ಉತ್ತರಿಸಲು ಯೋಜಿತ ಸಂಶೋಧನೆ ಬೇಕಾಯಿತು. ಜರ್ಮನ್ ಸಂಶೋಧನಾ ಪ್ರತಿಷ್ಠಾನದ ಹಣದಿಂದ ನಡೆಯುತ್ತಿರುವ ದೀರ್ಘಕಾಲೀನ ಅಧ್ಯಯನದಲ್ಲಿ 2008ರಿಂದ 2017ರವರೆಗೆ 290 ತಾಣಗಳಿಂದ 10 ಲಕ್ಷಕ್ಕೂ ಹೆಚ್ಚು ಸಂಧಿಪದಿಗಳನ್ನು ಸಂಗ್ರಹಿಸಿ, ಸುಮಾರು 2,700 ಪ್ರಭೇದಗಳಾಗಿ ವಿಂಗಡಿಸಲಾಯಿತು. ಪ್ರತಿವರ್ಷ ಅಳೆದ ಹುಲ್ಲುಗಾವಲುಗಳಲ್ಲಿ ಅವುಗಳ ಒಟ್ಟು ತೂಕ ಶೇ 67ರಷ್ಟೂ ಪ್ರಭೇದಗಳ ಸಂಖ್ಯೆ ಶೇ 34ರಷ್ಟೂ ಇಳಿದಿತ್ತು. ಸುತ್ತ ಬೇಸಾಯ ಹೆಚ್ಚಿದ್ದಷ್ಟೂ ಕುಸಿತ ತೀವ್ರವಾಗಿತ್ತು.

2020ರಲ್ಲಿ 166 ದೀರ್ಘಕಾಲೀನ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಇನ್ನೊಂದು ವಿಶ್ಲೇಷಣೆ, ನೆಲದ ಕೀಟಗಳು ದಶಕಕ್ಕೆ ಸುಮಾರು ಶೇ 9ರಷ್ಟು ಇಳಿಯುತ್ತಿವೆ, ಸಿಹಿನೀರಿನ ಕೀಟಗಳು ಮಾತ್ರ ಹೆಚ್ಚುತ್ತಿವೆ ಎಂದಿತು. ಅದರ ಮಾಹಿತಿಯಲ್ಲಿ ಹೆಚ್ಚಿನದು ಯುರೋಪ್ ಮತ್ತು ಉತ್ತರ ಅಮೆರಿಕದ್ದು. ಪ್ರಭೇದಗಳು ಅತಿ ಹೆಚ್ಚಿರುವ ಉಷ್ಣವಲಯದಲ್ಲಿ ದೀರ್ಘ ದಾಖಲೆಗಳು ಅತಿ ಕಡಿಮೆ. ಮುಂದಿನ ಹಣ ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಈ ಜ್ಞಾನದಿಂದ ಯಾವುದಾದರೂ ಜೀವಿ ಉಳಿದಿದೆಯೆ?

ದೊಡ್ಡ ನೀಲಿ ಚಿಟ್ಟೆ ಬ್ರಿಟನ್ನಿನಲ್ಲಿ ಮರಳಿ ಬಂದದ್ದು ಹೀಗೆಯೇ. ಅದು ಕಡಿಮೆಯಾಗುತ್ತಿದ್ದಾಗ ಚಿಟ್ಟೆ ಹಿಡಿಯುವವರೇ ಕಾರಣ ಎಂದುಕೊಂಡು ಅದರ ತಾಣಕ್ಕೆ ಬೇಲಿ ಹಾಕಿದರು. ಬೇಲಿ ದನಕುರಿಗಳನ್ನೂ ಹೊರಗಿಟ್ಟಿತು, ಚಿಟ್ಟೆ ಇನ್ನಷ್ಟು ಕುಗ್ಗಿತು. ಸರ್ಕಾರಿ ಪರಿಸರ ಸಂಶೋಧನಾ ಸಂಸ್ಥೆಯ ಜೆರೆಮಿ ಥಾಮಸ್ ವರ್ಷಗಟ್ಟಲೆ ಉಳಿದ ಚಿಟ್ಟೆಗಳ ಬೆನ್ನುಹತ್ತಿ ಕಾರಣ ಕಂಡುಕೊಂಡರು. ಅದರ ಮರಿಹುಳು ಕೆಲವು ವಾರ ಥೈಮ್ ಎಂಬ ಗಿಡದ ಹೂವನ್ನು ತಿಂದು ನೆಲಕ್ಕೆ ಬೀಳುತ್ತದೆ. ಇರುವೆಗಳು ಅದನ್ನು ತಮ್ಮದೇ ಮರಿಯೆಂದು ಗೂಡಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಅದು ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಎಲ್ಲ ಕೆಂಪಿರುವೆಗಳ ಗೂಡಿನಲ್ಲಿ ಅದು ಸರಿಯಾಗಿ ಬದುಕಿ ಬೆಳೆಯುವುದಿಲ್ಲ, ಮಿರ್ಮಿಕಾ ಸಬುಲೇಟಿ ಎಂಬ ಒಂದು ಪ್ರಭೇದವೇ ಬೇಕು. ಆ ಇರುವೆಗೆ ಬಿಸಿಲು ತಾಗುವ ಬೆಚ್ಚನೆಯ ಮಣ್ಣು ಬೇಕು. ಮೇಯುವ ಪ್ರಾಣಿಗಳಿಲ್ಲದೆ ಹುಲ್ಲು ಕೆಲವೇ ಸೆಂಟಿಮೀಟರ್ ಎತ್ತರವಾದರೂ ಮಣ್ಣು ತಂಪಾಗಿ ಅದು ಜಾಗ ಬಿಡುತ್ತದೆ.

ಈ ಅರಿವು ಪೂರ್ಣವಾಗುವಷ್ಟರಲ್ಲಿ ತಡವಾಗಿತ್ತು. 1979ರಲ್ಲಿ ಚಿಟ್ಟೆ ಬ್ರಿಟನ್ನಿನಿಂದ ಅಳಿಯಿತು. ಆದರೆ ಕಾರಣ ಗೊತ್ತಿದ್ದುದರಿಂದ ದನಕುರಿಗಳನ್ನು ಮೇಯಿಸುವುದು ಮರಳಿ ಆರಂಭವಾಯಿತು, 1983ರಿಂದ ಸ್ವೀಡನ್ನಿನ ಚಿಟ್ಟೆಗಳನ್ನು ತಂದು ಬಿಡಲಾಯಿತು. ಇಂದು ಅವು ಅಲ್ಲಿ ಹಾರುತ್ತಿವೆ.

ಅಧ್ಯಯನಕ್ಕೆಂದು ಇಷ್ಟು ಕೀಟಗಳನ್ನು ಕೊಲ್ಲುವುದು ಸರಿಯೆ?

ಕೇಳಲೇಬೇಕಾದ ಪ್ರಶ್ನೆ. ಹೆಚ್ಚಿನ ಗುಂಪುಗಳನ್ನು ಮಾದರಿ ಇಲ್ಲದೆ ಗುರುತಿಸಲಾಗದು. ಕೀಟಗಳು ಸಂತಾನ ಬೆಳೆಸುವ ವೇಗದ ಮುಂದೆ ಬೋನುಗಳ ಪಾಲು ಸಾಮಾನ್ಯವಾಗಿ ತೀರಾ ಚಿಕ್ಕದು. ಆದರೂ ಸಣ್ಣ ದ್ವೀಪಗಳಲ್ಲಿ, ಗುಹೆಗಳಲ್ಲಿ, ಅಳಿವಿನಂಚಿನ ಬಸವನಹುಳುಗಳ ತಾಣಗಳಲ್ಲಿ ಮಿತಿ ಇರಬೇಕು. ಸಂಗ್ರಹಿಸಿದ್ದನ್ನು ವಿಂಗಡಿಸದೆ ಎಸೆಯುವುದು ಮಾತ್ರ ಯಾವ ಕಾರಣಕ್ಕೂ ಒಪ್ಪತಕ್ಕದ್ದಲ್ಲ. ಕೊಂದ ಮೇಲೆ ಅದನ್ನು ಉಳಿಸಿ, ಮುಂದಿನವರಿಗೂ ಸಿಗುವಂತೆ ಇಡುವುದು ಸಂಶೋಧಕರ ಹೊಣೆ.

ಸಂಗ್ರಹವಾದ ಮಾಹಿತಿ ಸಾಮಾನ್ಯರಿಗೆ ಸಿಗುತ್ತದೆಯೆ?

ಸಿಗುತ್ತದೆ. ಸರ್ಕಾರಗಳ ಒಪ್ಪಂದದಿಂದ 2001ರಲ್ಲಿ ಸ್ಥಾಪನೆಯಾದ, ಕೋಪನ್‌ಹೇಗನ್‌ನಲ್ಲಿ ಕಾರ್ಯಾಲಯವಿರುವ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲದಲ್ಲಿ 200 ಕೋಟಿಗೂ ಹೆಚ್ಚು ಜೀವಿ ದಾಖಲೆಗಳು ಎಲ್ಲರಿಗೂ ಉಚಿತವಾಗಿ ತೆರೆದಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವು ಎಂಬುದು ನೆನಪಿರಲಿ. ಪ್ರಾಣಿಗಳಲ್ಲಿ ಪ್ರಭೇದಗಳ ಬಹುಪಾಲು ಅಕಶೇರುಕಗಳದ್ದಾದರೂ ದಾಖಲೆಗಳ ಬಹುಪಾಲು ಹಕ್ಕಿಗಳದ್ದು.

ಹಣ ಬರುತ್ತಿದ್ದರೂ ಎಲ್ಲಿ ಸಾಲುತ್ತಿಲ್ಲ?

ಅನುದಾನಗಳು ಸಾಮಾನ್ಯವಾಗಿ ಮೂರರಿಂದ ಐದು ವರ್ಷದವು. ಬೋನು ಹಾಕಲು, ಯಂತ್ರ ಕೊಳ್ಳಲು, ತಾತ್ಕಾಲಿಕ ಸಹಾಯಕರನ್ನು ನೇಮಿಸಲು ಅವು ಸಾಕು. ಸಂಗ್ರಹ ಕಾಯುವ ಕಾಯಂ ಹುದ್ದೆಗೆ, ಆವಿಯಾದ ಆಲ್ಕೋಹಾಲ್ ತುಂಬುವ ದಿನಗೂಲಿಗೆ, ನಿವೃತ್ತರಾಗುವ ನುಸಿ ತಜ್ಞರ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಲು ಅವು ಬಳಕೆಯಾಗುವುದು ವಿರಳ. ಹೊಸ ಉಪಕರಣದ ಉದ್ಘಾಟನೆಗೆ ಸಿಗುವ ಹಣದಲ್ಲಿ ಸಣ್ಣ ಪಾಲು ಆ ಹುದ್ದೆಗಳಿಗೆ ಹೋದರೂ ಕಪಾಟಿನ 21 ವರ್ಷ ಖಂಡಿತ ತಗ್ಗುತ್ತದೆ. ಸಂರಕ್ಷಣೆಯ ಪಟ್ಟಿಗಳಲ್ಲೂ ಇದರ ಪರಿಣಾಮ ಕಾಣುತ್ತದೆ: ಹೆಸರಿರುವ ಕೀಟಗಳಲ್ಲೂ ಅಳಿವಿನ ಅಪಾಯದ ಮೌಲ್ಯಮಾಪನ ಆಗಿರುವುದು ಶೇ 1ರ ಆಸುಪಾಸು ಮಾತ್ರ.

ಸಂಶೋಧಕರಲ್ಲದವರು ನೆರವಾಗುವುದು ಹೇಗೆ?

ಚಿತ್ರ ತೆಗೆದು ಸಾರ್ವಜನಿಕ ವೀಕ್ಷಣಾ ಜಾಲಗಳಿಗೆ ಹಾಕಿ. ಬೆನ್ನಿನ ಒಂದೇ ಚಿತ್ರ ಸಾಲದು. ಬದಿ, ಮುಖ, ಸಾಧ್ಯವಾದರೆ ಹೊಟ್ಟೆಯ ಭಾಗ, ಕೂತಿದ್ದ ಗಿಡದ ಎಲೆ ಇವೆಲ್ಲ ಬೇಕು. ಕಂಬಳಿಹುಳುವಾದರೆ ಅದು ತಿನ್ನುತ್ತಿದ್ದ ಗಿಡದ ಹೆಸರನ್ನು ತಪ್ಪದೆ ಬರೆಯಿರಿ, ಏಕೆಂದರೆ ಆಹಾರ ಸಸ್ಯ ಗೊತ್ತಿಲ್ಲದ ಪತಂಗಗಳು ಬಹಳ. ಚಿಟ್ಟೆಗಳನ್ನು ಬಿಟ್ಟು ಯಾರೂ ನೋಡದ ಒಂದು ಗುಂಪನ್ನು ಆರಿಸಿಕೊಂಡರೆ ನಿಮ್ಮ ದಾಖಲೆಗಳ ಮೌಲ್ಯ ಇನ್ನೂ ಹೆಚ್ಚು. ತರಗೆಲೆಯ ಬಸವನಹುಳುಗಳು, ಸಹಸ್ರಪದಿಗಳು ಆರಂಭಕ್ಕೆ ಒಳ್ಳೆಯವು: ನಿಧಾನವಾಗಿ ಚಲಿಸುತ್ತವೆ, ಚಿತ್ರಕ್ಕೆ ಸಿಗುತ್ತವೆ. ಸತ್ತ ಬಸವನಹುಳುವಿನ ಖಾಲಿ ಚಿಪ್ಪು ಸಿಕ್ಕರೆ ದಿನಾಂಕ, ಸ್ಥಳ ಬರೆದ ಚೀಟಿಯೊಂದಿಗೆ ತೆಗೆದಿಡಿ, ಸಂಗ್ರಹಕ್ಕೆ ನಿಯಮಗಳು ಅನುಮತಿಸುವ ಕಡೆ ಮಾತ್ರ.